ಬುಟ್ಟಿಯಲ್ಲಿ ಏನಿದೆ, ಓದಿ ನೋಡೋಣ

(ಚಾಮುಂಡಿ ಬೆಟ್ಟದ ಊರಿನ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕ ಶಿಕ್ಷಕಿಯೊಬ್ಬರು ಆಡಿದ ಮಾತು)

ಅಮ್ಮಂದಿರೇ, ಅಕ್ಕಂದಿರೇ, ತಂಗಿಯರೇ,



ಆಷಾಢದ ಶುಕ್ರವಾರಗಳು ಮುಗಿದವು. ಬೆಟ್ಟದಲ್ಲಿ ಇವತ್ತು ಜನ ಕಡಿಮೆ. ನಿಮಗೂ ಸ್ವಲ್ಪ ಪುರುಸೊತ್ತು ಸಿಕ್ಕಿದೆ. ಅದಕ್ಕೇ ಇವತ್ತು ಪಾಠ ಬೇಡ, ಕೂತು ಮಾತಾಡೋಣ ಅಂತ ಅಂದುಕೊಂಡೆ.

ಯಾವ ಮಾತು? ಟಿ.ವಿ.ಯ ಮಾತು.

ನಗಬೇಡಿ. ಈ ತರಗತಿ ಶುರುವಾದಾಗ ನೀವು ನನಗೆ ಏನು ಹೇಳಿದ್ರಿ? "ಟೀಚರಮ್ಮ, ಏಳು ಗಂಟೆಗೆ ತರಗತಿ ಇಡಬೇಡಿ. ಧಾರಾವಾಹಿ ಬರುತ್ತೆ" ಅಂದ್ರಿ. ನಾನು ಒಪ್ಪಿದೆ. ಐದು ಗಂಟೆಗೇ ಬರ್ತಾ ಇದೀನಿ. ಟಿ.ವಿ. ನೋಡಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ದಿನವೆಲ್ಲ ದುಡಿದ ಹೆಂಗಸು ಅರ್ಧ ಗಂಟೆ ಟಿ.ವಿ. ಮುಂದೆ ಕೂತರೆ ತಪ್ಪೇನೂ ಇಲ್ಲ. ನಾನೂ ನೋಡ್ತೀನಿ.

ನಾನು ಕೇಳೋದು ಒಂದೇ ಪ್ರಶ್ನೆ. ನಿಮ್ಮ ಮನೆಯ ಟಿ.ವಿ.ಯಲ್ಲಿ ಏನು ಬರಬೇಕು ಅಂತ ತೀರ್ಮಾನ ಮಾಡೋರು ಯಾರು?

"ರಿಮೋಟು ಯಾರ ಕೈಲಿದೆಯೋ ಅವರು" ಅಂದ್ರು ಹಿಂದೆ ಕೂತಿರೋ ಅಕ್ಕ. ಸರಿಯಾಗಿ ಹೇಳಿದ್ರಿ. ನಮ್ಮ ಮನೇಲೂ ರಿಮೋಟು ನನ್ನ ಕೈಗೆ ಸಿಗೋದು ಕಡಿಮೆಯೇ. ಆದರೆ ರಿಮೋಟಿಗಿಂತ ಮುಂಚೆ ಇನ್ನೂ ಬೇರೆ ಬೇರೆ ಕೈಗಳಿವೆ. ಅವು ನಮಗೆ ಕಾಣೋದಿಲ್ಲ. ಆ ಕೈಗಳು ಯಾವುವು ಅಂತ ತಿಳಿದುಕೊಳ್ಳೋಣ. ಯಾಕೆ ಅಂದರೆ, ತಿಂಗಳು ತಿಂಗಳು ದುಡ್ಡು ಕೊಡೋ ಕೈ ನಮ್ಮದು.

ಹಣ್ಣುಕಾಯಿ ಬುಟ್ಟಿ

ನಿಮ್ಮಲ್ಲಿ ಅರ್ಧ ಜನ ದೇವಸ್ಥಾನದ ಮುಂದೆ ಹಣ್ಣುಕಾಯಿ ಮಾರುತ್ತೀರಿ. ಈ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಬುಟ್ಟಿಯಲ್ಲಿ ಏನಿರುತ್ತೆ? ಒಂದು ತೆಂಗಿನಕಾಯಿ. ಎರಡು ಬಾಳೆಹಣ್ಣು. ಹೂವು. ವೀಳ್ಯದೆಲೆ, ಅಡಿಕೆ. ಊದುಬತ್ತಿ, ಕರ್ಪೂರ. ಎಲ್ಲ ಸೇರಿ ಒಂದು ಬೆಲೆ.

ಒಬ್ಬಳು ಹೆಂಗಸು ಬರುತ್ತಾಳೆ. "ನನಗೆ ಕಾಯಿ, ಹೂವು ಸಾಕಮ್ಮ. ಊದುಬತ್ತಿ ಮನೆಯಿಂದ ತಂದಿದೀನಿ" ಅನ್ನುತ್ತಾಳೆ. ಆಗ ನೀವೇನು ಮಾಡ್ತೀರಿ? ಬೇರೆ ದಿನ ಆದರೆ ಬಿಡಿಯಾಗಿ ಕೊಡ್ತೀರಿ. ಜನ ಮುತ್ತಿಕೊಂಡ ದಿನ "ಬುಟ್ಟಿ ತಗೊಂಡ್ರೆ ತಗೊಳ್ಳಿ, ಇಲ್ಲದಿದ್ರೆ ಬಿಡಿ" ಅಂತೀರಿ. ಮತ್ತೆ ನಗ್ತಾ ಇದೀರಿ. ನಿಜ ತಾನೆ?

ಕೇಬಲ್‌ನವರು 'ಪ್ಯಾಕ್' ಅಂತಾರಲ್ಲ, ಅದೂ ಹೀಗೇ ಒಂದು ಬುಟ್ಟಿ. ಅದಕ್ಕೆ 'ಬೊಕೆ' ಅಂತಲೂ ಹೆಸರಿದೆ. ಬೊಕೆ ಅಂದರೆ ಹೂವಿನ ಗುಚ್ಛ. ನಿಮಗೆ ಬೇಕಾಗಿದ್ದು ಆರೋ ಏಳೋ ಚಾನೆಲ್. ಆದರೆ ಬುಟ್ಟಿಯಲ್ಲಿ ಇರೋದು ನೂರಾರು. ಬೇಡದ ಚಾನೆಲ್‌ಗೂ ನಿಮ್ಮ ದುಡ್ಡು ಹೋಗುತ್ತೆ.

ಒಂದು ವ್ಯತ್ಯಾಸ ಮಾತ್ರ ಇದೆ. ಹಣ್ಣುಕಾಯಿ ಬುಟ್ಟಿಯಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುತ್ತೆ. ಚಾನೆಲ್‌ನ ಬುಟ್ಟಿಯಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಓದಬೇಕು. ಅಕ್ಷರ ಬರದವರಿಗೆ ಆ ಬುಟ್ಟಿ ಮುಚ್ಚಿದ ಬುಟ್ಟಿ.

ಮನೆಗೆ ತಂತಿ ಬಂದ ಕಥೆ

ಮೊದಲು ಮೈಸೂರಿನ ಒಂದು ಹೆಮ್ಮೆಯ ಮಾತು ಹೇಳ್ತೀನಿ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಒಬ್ಬರು ಪ್ರಾಧ್ಯಾಪಕರಿದ್ದರು. ಅವರು ತಮ್ಮ ಮನೆಯಿಂದಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಆ ಹೆಸರು ಮೊದಲು ಕೇಳಿಸಿದ್ದು ಈ ಬೆಟ್ಟದ ಕೆಳಗಿನ ಊರಿನಲ್ಲಿ.

ಆಮೇಲೆ ಟಿ.ವಿ. ಬಂತು. ದೆಹಲಿಯಲ್ಲಿ ದೂರದರ್ಶನ ಶುರುವಾದದ್ದು 1959ರಲ್ಲಿ. ಬೆಂಗಳೂರಿನಲ್ಲಿ 1981ರ ನವೆಂಬರ್ 1ರಂದು. ಆಗ ಇದ್ದದ್ದು ಒಂದೇ ಚಾನೆಲ್. ಅದೂ ಸರ್ಕಾರದ್ದು. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರ್ತಾ ಇತ್ತು. ಟಿ.ವಿ. ಇದ್ದ ಮನೆಗೆ ಬೀದಿಯ ಜನವೆಲ್ಲ ಹೋಗೋರು ಅಂತ ನಮ್ಮಮ್ಮ ಈಗಲೂ ಹೇಳ್ತಾರೆ. ನಿಮ್ಮಲ್ಲೂ ಹಿರಿಯರಿಗೆ ನೆನಪಿರಬೇಕು. ಭಾಷೆ ಹಿಂದಿ. ಅರ್ಥ ಆಗಲಿ ಬಿಡಲಿ, ಎಲ್ಲರೂ ಅದನ್ನೇ ನೋಡಬೇಕಿತ್ತು. ಬೇರೆ ಇರಲಿಲ್ಲ.

1991ರಲ್ಲಿ ಕೊಲ್ಲಿ ಯುದ್ಧ ನಡೀತು. ಹೊರದೇಶದ ಚಾನೆಲ್‌ಗಳು ಉಪಗ್ರಹದ ಮೂಲಕ ಯುದ್ಧವನ್ನು ನೇರವಾಗಿ ತೋರಿಸಿದವು. ಉಪಗ್ರಹ ಅಂದರೆ ಆಕಾಶದಲ್ಲಿ ಸುತ್ತುವ ಯಂತ್ರ. ಟಿ.ವಿ.ಯ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುತ್ತೆ. ಭೂಮಿಯ ಜೊತೆಗೇ ಸುತ್ತುತ್ತೆ. ಅದಕ್ಕೇ ಅದು ನಮಗೆ ಒಂದೇ ಕಡೆ ನಿಂತ ಹಾಗೆ.

ಚಾನೆಲ್‌ನವರು ಚಿತ್ರವನ್ನು ಅಲೆಯ ರೂಪದಲ್ಲಿ ಉಪಗ್ರಹಕ್ಕೆ ಕಳಿಸ್ತಾರೆ. ಅದು ಕೆಳಗೆ ಕಳಿಸುತ್ತೆ. ಕೇಬಲ್‌ನವರು ದೊಡ್ಡ ತಟ್ಟೆಯಂಥ ಡಿಷ್ ಇಟ್ಟು ಅದನ್ನು ಹಿಡೀತಾರೆ. ಅಲ್ಲಿಂದ ತಂತಿ. ತಂತಿಯಿಂದ ನಿಮ್ಮ ಮನೆ. ಇಷ್ಟೇ.

ಮೊದಮೊದಲು ಈ ಕೆಲಸ ಮಾಡಿದವರು ದೊಡ್ಡ ಕಂಪನಿಯವರಲ್ಲ. ಬೀದಿಯ ಹುಡುಗರು. ಸಾಲ ಮಾಡಿ ಡಿಷ್ ತಂದರು. ಮರದಿಂದ ಮರಕ್ಕೆ, ಮಹಡಿಯಿಂದ ಮಹಡಿಗೆ ತಂತಿ ಎಳೆದರು. ಮಳೆಯಲ್ಲಿ ತಂತಿ ಕಡಿದರೆ ಅವರೇ ಬಂದು ಕಟ್ಟಿದರು. ಅವರ ಶ್ರಮವನ್ನು ನಾವು ಮರೆಯಬಾರದು.

1994ರ ಜೂನ್ 1ರಂದು 'ಉದಯ ಟಿ.ವಿ.' ಶುರುವಾಯಿತು. ಅದು ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್. 2000ದಲ್ಲಿ 'ಈಟಿವಿ ಕನ್ನಡ' ಬಂತು. 2006ರಲ್ಲಿ 'ಜೀ ಕನ್ನಡ', 2007ರಲ್ಲಿ 'ಸುವರ್ಣ'. ಒಂದಿದ್ದದ್ದು ಹತ್ತಾಯಿತು, ಹತ್ತು ನೂರಾಯಿತು.

ಗಾಳಿ ಯಾರ ಸ್ವತ್ತು?

ಚಾನೆಲ್ ಜಾಸ್ತಿ ಆದ ಹಾಗೆ ಜಗಳವೂ ಜಾಸ್ತಿ ಆಯಿತು.

1993ರಲ್ಲಿ 'ಹೀರೋ ಕಪ್' ಅಂತ ಒಂದು ಕ್ರಿಕೆಟ್ ಪಂದ್ಯಾವಳಿ ನಡೀತು. ಅದನ್ನು ನಡೆಸಿದ್ದು ಬಂಗಾಳದ ಕ್ರಿಕೆಟ್ ಸಂಸ್ಥೆ. ಅದನ್ನು ಟಿ.ವಿ.ಯಲ್ಲಿ ತೋರಿಸುವ ಹಕ್ಕನ್ನು ಅವರು ಹೊರದೇಶದ ಒಂದು ಕಂಪನಿಗೆ ಕೊಟ್ಟರು. "ಅದು ಹೇಗೆ ಕೊಡ್ತೀರಿ? ಆ ಹಕ್ಕು ನಮ್ಮದು" ಅಂತು ದೂರದರ್ಶನ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು.

1995ರ ಫೆಬ್ರವರಿ 9ರಂದು ತೀರ್ಪು ಬಂತು. ಕೋರ್ಟು ಹೇಳಿದ್ದರ ತಿರುಳು ಇದು: ಪ್ರಸಾರದ ಅಲೆಗಳು ಜನರ ಸ್ವತ್ತು. ಸರ್ಕಾರ ಒಂದೇ ಅದನ್ನು ಹಿಡಿದಿಟ್ಟುಕೊಳ್ಳಬಾರದು. ದುಡ್ಡಿದ್ದ ಖಾಸಗಿಯವರು ಕೂಡ ಅದನ್ನು ಒಬ್ಬರೇ ಹಿಡಿದಿಟ್ಟುಕೊಳ್ಳಬಾರದು. ಜನರ ಹಿತ ಕಾಯಲು ಒಂದು ಸಾರ್ವಜನಿಕ ಪ್ರಾಧಿಕಾರ ಅದನ್ನು ನೋಡಿಕೊಳ್ಳಬೇಕು.

ಇದನ್ನು ಇನ್ನೊಂದು ಸಲ ನಿಧಾನವಾಗಿ ಕೇಳಿ. ಅಲೆಗಳು ಜನರ ಸ್ವತ್ತು. ಜನ ಅಂದರೆ ಯಾರು? ನೀವು, ನಾನು. ಕೆರೆಯ ನೀರಿನ ಹಾಗೆ. ಗೋಮಾಳದ ಹುಲ್ಲಿನ ಹಾಗೆ. ಒಬ್ಬರು ಬೇಲಿ ಹಾಕಿಕೊಂಡರೆ ಉಳಿದವರು ಕೇಳಬಹುದು.

ಅದೇ ವರ್ಷ, 1995ರಲ್ಲಿ, ಕೇಬಲ್ ಟಿ.ವಿ.ಗೆ ಒಂದು ಕಾಯ್ದೆ ಆಯಿತು. ಕೇಬಲ್ ನಡೆಸುವವರು ನೋಂದಣಿ ಮಾಡಿಸಬೇಕು ಅಂತ ಬಂತು. ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯವಾಗಿ ಕೊಡಬೇಕು ಅಂತ ಬಂತು. ಏನು ತೋರಿಸಬಾರದು ಅಂತ ಒಂದು ನಿಯಮಾವಳಿಯೂ ಬಂತು. ಅದರಲ್ಲಿ ಹೆಂಗಸರಿಗೆ ಸಂಬಂಧಪಟ್ಟ ಮಾತಿದೆ. ಹೆಣ್ಣನ್ನು ಕೀಳಾಗಿ ತೋರಿಸುವ ಕಾರ್ಯಕ್ರಮ ಕೊಡಬಾರದು. ಹೆಣ್ಣು ಮುಂದೆ ನಿಂತು ನಡೆಸುವುದನ್ನು ತೋರಿಸುವ ಕಾರ್ಯಕ್ರಮ ಕೊಡಲು ಪ್ರಯತ್ನ ಮಾಡಬೇಕು.

ಧಾರಾವಾಹಿಯಲ್ಲಿ ಸೊಸೆಯ ಕೆನ್ನೆಗೆ ಹೊಡೆಯೋದನ್ನು ಮೂರು ಸಲ ತಿರುಗಿಸಿ ತಿರುಗಿಸಿ ತೋರಿಸ್ತಾರಲ್ಲ. ಆಗ ಈ ನಿಯಮ ನೆನಪು ಮಾಡಿಕೊಳ್ಳಿ.

ಒಂದೇ ದಾರಿ ಇದ್ದರೆ

ಈಗ ಪೈಪೋಟಿಯ ಮಾತು. ಪೈಪೋಟಿ ಬೇಕೋ ಬೇಡವೋ?

ಬೆಟ್ಟಕ್ಕೆ ಬರೋಕೆ ಎಷ್ಟು ದಾರಿ ಇದೆ? ಸುಮಾರು 1000 ಮೆಟ್ಟಿಲಿನ ದಾರಿ ಇದೆ. ದೊಡ್ಡ ದೇವರಾಜ ಒಡೆಯರ ಕಾಲದ್ದು. ಬಸ್ಸು ಬರೋ ರಸ್ತೆ ಇದೆ. ಬಸ್ಸಿಗೆ ದುಡ್ಡಿಲ್ಲದ ಕಾಲದಲ್ಲಿ ಬಡವರು ಮೆಟ್ಟಿಲು ಹತ್ತಿ ಬರೋರು. ಒಂದು ದಾರಿ ಮುಚ್ಚಿದರೆ ಇನ್ನೊಂದು ಇದೆ. ಎರಡೂ ದಾರಿಗೆ ಒಬ್ಬನೇ ಗೇಟು ಹಾಕಿ ಕೂತರೆ? ಅವನು ಕೇಳಿದಷ್ಟು ಕೊಡಬೇಕು.

ಕೇಬಲ್‌ನಲ್ಲೂ ಹಾಗೇ. ಒಂದು ಬೀದಿಗೆ ಒಬ್ಬನೇ ಕೇಬಲ್‌ನವನು ಇದ್ದರೆ, ಅವನು ಹೇಳಿದ್ದೇ ಬೆಲೆ. ಅವನು ಕೊಟ್ಟಿದ್ದೇ ಚಾನೆಲ್. ಚಾನೆಲ್ ನಡೆಸುವವರೇ ಕೇಬಲ್ ತಂತಿಯನ್ನೂ ಹಿಡಿದುಕೊಂಡರೆ ಇನ್ನೂ ಕಷ್ಟ. ಸರಕೂ ಅವರದೇ, ದಾರಿಯೂ ಅವರದೇ. ಬೇರೆಯವರ ಸರಕನ್ನು ಆ ದಾರಿಯಲ್ಲಿ ಬಿಡ್ತಾರೋ ಇಲ್ಲವೋ ಅನ್ನೋ ಅನುಮಾನ ಇದ್ದೇ ಇರುತ್ತೆ.

ಹಾಗಾದರೆ ಸರ್ಕಾರವೇ ನಡೆಸಲಿ ಅಂತೀರಾ? ಪಕ್ಕದ ತಮಿಳುನಾಡಿನಲ್ಲಿ ಅದನ್ನೂ ಮಾಡಿ ನೋಡಿದರು. 2011ರಲ್ಲಿ ಅಲ್ಲಿನ ಸರ್ಕಾರದ ಕೇಬಲ್ ಸಂಸ್ಥೆ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಡೋಕೆ ಶುರು ಮಾಡಿತು. ಬಡವರಿಗೆ ಅನುಕೂಲವಾಯಿತು. ಆದರೆ ಇನ್ನೊಂದು ಪ್ರಶ್ನೆ ಬಂತು. ಸರ್ಕಾರವನ್ನು ಟೀಕೆ ಮಾಡುವ ಚಾನೆಲ್‌ಗೆ ಸರ್ಕಾರದ ತಂತಿಯಲ್ಲಿ ಜಾಗ ಸಿಗುತ್ತಾ? ರಾಜ್ಯ ಸರ್ಕಾರಗಳು, ರಾಜಕೀಯ ಪಕ್ಷಗಳು ಈ ವ್ಯವಹಾರಕ್ಕೆ ಇಳಿಯಬಾರದು ಅಂತ 2012ರಲ್ಲಿ ಟ್ರಾಯ್ ಸಲಹೆ ಕೊಟ್ಟಿತು.

ಟ್ರಾಯ್ ಅಂದರೆ ಏನು? ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಮೊದಲು ಅದು ಫೋನಿನ ವ್ಯವಹಾರ ಮಾತ್ರ ನೋಡ್ತಾ ಇತ್ತು. 2004ರಿಂದ ಟಿ.ವಿ. ಮತ್ತು ಕೇಬಲ್ ದರದ ವಿಷಯವನ್ನೂ ನೋಡುತ್ತೆ. ಸಂತೆಯಲ್ಲಿ ತಕ್ಕಡಿ ಪರೀಕ್ಷೆ ಮಾಡೋರು ಇರ್ತಾರಲ್ಲ, ಹಾಗೆ ಅಂದುಕೊಳ್ಳಿ.

ಈಗ ದಾರಿಗಳು ಮೊದಲಿಗಿಂತ ಜಾಸ್ತಿ ಇವೆ. ಕೇಬಲ್ ಇದೆ. ತಂತಿ ಇಲ್ಲದೆ ನೇರವಾಗಿ ಮನೆ ಮೇಲಿನ ಸಣ್ಣ ಡಿಷ್‌ಗೆ ಬರುವ ಡಿ.ಟಿ.ಎಚ್. ಇದೆ. ಮೊಬೈಲ್ ಇದೆ. 2004ರ ಡಿಸೆಂಬರ್‌ನಲ್ಲಿ ದೂರದರ್ಶನದವರು ಶುರು ಮಾಡಿದ ಒಂದು ಡಿಷ್ ಇದೆ. ಅದಕ್ಕೆ ಈಗ 'ಡಿ.ಡಿ. ಫ್ರೀ ಡಿಷ್' ಅಂತ ಹೆಸರು. ಒಂದು ಸಲ ಡಿಷ್, ಪೆಟ್ಟಿಗೆ ಕೊಂಡರೆ ಸಾಕು. ತಿಂಗಳು ತಿಂಗಳು ದುಡ್ಡು ಕಟ್ಟುವಂತಿಲ್ಲ. ಕನ್ನಡದ 'ಚಂದನ' ಅದರಲ್ಲಿ ಬರುತ್ತೆ. ತಿಂಗಳ ಖರ್ಚು ಬೇಡ ಅನ್ನುವವರಿಗೆ ಅದೂ ಒಂದು ಮೆಟ್ಟಿಲ ದಾರಿ.

ಪೆಟ್ಟಿಗೆ ಬಂತು, ಪಟ್ಟಿ ಬಂತು

ಟಿ.ವಿ. ಕೆಳಗೆ ಒಂದು ಕರಿ ಪೆಟ್ಟಿಗೆ ಇದೆಯಲ್ಲ, ಸೆಟ್‌ಟಾಪ್ ಬಾಕ್ಸ್. ಅದು ಯಾವಾಗ ಬಂತು? 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಆಯಿತು. ಹಳೆಯ ರೀತಿ ಬಿಟ್ಟು ಎಲ್ಲರೂ ಡಿಜಿಟಲ್‌ಗೆ ಬದಲಾಗಬೇಕು ಅಂತ ಆಯಿತು. ಮೊದಲು ದೆಹಲಿಯಂಥ ದೊಡ್ಡ ಊರುಗಳು. ಎರಡನೆಯ ಸಲ 38 ಊರುಗಳ ಪಟ್ಟಿ. ಅವಕ್ಕೆ ಕೊಟ್ಟ ಗಡುವು 2013ರ ಮಾರ್ಚ್ 31. ಆ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ನಮ್ಮ ಮೈಸೂರೂ ಇತ್ತು.

ಹಳೆಯ ತಂತಿಯಲ್ಲಿ ಬಂದದ್ದು ಎಲ್ಲ ಮನೆಗೂ ಒಂದೇ ಥರ ಬರ್ತಾ ಇತ್ತು. ಪೆಟ್ಟಿಗೆ ಬಂದ ಮೇಲೆ, ಯಾವ ಮನೆಗೆ ಯಾವ ಚಾನೆಲ್ ಅಂತ ಬೇರೆ ಬೇರೆ ಮಾಡಬಹುದು. ಹಾಗಾದರೆ ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಡಬಹುದಲ್ಲ? ಹೌದು.

2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ಅದರ ಮುಖ್ಯ ಮಾತುಗಳು ಇವು:

ಒಂದು, ಪ್ರತಿ ಚಾನೆಲ್‌ನ ಬೆಲೆಯನ್ನು ಬೇರೆ ಬೇರೆಯಾಗಿ ತಿಳಿಸಬೇಕು.
ಎರಡು, ನೋಡುವವರು ಕೇಳಿದರೆ ಬಿಡಿಯಾಗಿ ಕೊಡಬೇಕು.
ಮೂರು, ಮೊದಲ 100 ಚಾನೆಲ್‌ಗಳ ಸಂಪರ್ಕಕ್ಕೆ ತಿಂಗಳಿಗೆ 130 ರೂಪಾಯಿಗಿಂತ ಜಾಸ್ತಿ ತಗೊಳ್ಳಬಾರದು. ತೆರಿಗೆ ಸೇರಿ 153 ರೂಪಾಯಿ 40 ಪೈಸೆ.
ನಾಲ್ಕು, ದುಡ್ಡಿನ ಚಾನೆಲ್ ಬೇಕಾದರೆ ಅದರ ಬೆಲೆ ಬೇರೆ.

ಒಂದು ಲೆಕ್ಕ ಮಾಡಿ. 19 ರೂಪಾಯಿಯ ಚಾನೆಲ್ 4 ತಗೊಂಡರೆ ಎಷ್ಟು? 76 ರೂಪಾಯಿ. ಸರಿ.

ಆದರೆ ಕಂಪನಿಗಳು ಜಾಣರು. ಬಿಡಿಯಾಗಿ ತಗೊಂಡರೆ ದುಬಾರಿ, ಬುಟ್ಟಿಯಾಗಿ ತಗೊಂಡರೆ ಅಗ್ಗ ಅನ್ನೋ ಹಾಗೆ ಬೆಲೆ ಇಟ್ಟರು. ಕಾಯಿ ಒಂದಕ್ಕೇ 40 ರೂಪಾಯಿ, ಬುಟ್ಟಿಗೆ 45 ರೂಪಾಯಿ ಅಂದರೆ ಜನ ಏನು ಮಾಡ್ತಾರೆ? ಬುಟ್ಟಿಯನ್ನೇ ತಗೋತಾರೆ. ಆಯ್ಕೆ ಇದ್ದೂ ಇಲ್ಲದ ಹಾಗಾಯಿತು.

ಅದಕ್ಕೆ ಟ್ರಾಯ್ 2022ರ ನವೆಂಬರ್‌ನಲ್ಲಿ ಇನ್ನೊಂದು ನಿಯಮ ತಂತು. ಚಾನೆಲ್ ಕಂಪನಿಯವರು ಬುಟ್ಟಿಗೆ ಕೊಡುವ ರಿಯಾಯಿತಿ ನೂರಕ್ಕೆ 45ಕ್ಕಿಂತ ಜಾಸ್ತಿ ಇರಬಾರದು. ಅಂದರೆ ಬಿಡಿಯಾಗಿ 100 ರೂಪಾಯಿ ಆಗುವ ಚಾನೆಲ್‌ಗಳನ್ನು ಬುಟ್ಟಿಯಲ್ಲಿ 55 ರೂಪಾಯಿಗಿಂತ ಕಡಿಮೆಗೆ ಕೊಡುವ ಹಾಗಿಲ್ಲ. 2024ರ ಜುಲೈನಲ್ಲಿ 130 ರೂಪಾಯಿಯ ಮಿತಿಯನ್ನು ತೆಗೆದರು. ಪೈಪೋಟಿ ಇದೆಯಲ್ಲ, ಸಂಪರ್ಕದ ದರವನ್ನು ಅವರವರೇ ಇಟ್ಟುಕೊಳ್ಳಲಿ ಅಂತ ಬಿಟ್ಟರು. ಆದರೆ ಆ ದರವನ್ನು ಮುಚ್ಚಿಡುವಂತಿಲ್ಲ. ಜನರಿಗೆ ತಿಳಿಸಲೇಬೇಕು.

ಇಲ್ಲೇ ದೊಡ್ಡ ವಾದ ಇರೋದು. ಒಬ್ಬರು ಹೇಳ್ತಾರೆ, "ಬೆಲೆಗೆ ಕಡಿವಾಣ ಬೇಕು. ಇಲ್ಲದಿದ್ದರೆ ಬಡವರನ್ನು ಸುಲಿಯುತ್ತಾರೆ." ಇನ್ನೊಬ್ಬರು ಹೇಳ್ತಾರೆ, "ಕಡಿವಾಣ ಹಾಕಿದರೆ ಒಳ್ಳೆಯ ಕಾರ್ಯಕ್ರಮ ಮಾಡೋಕೆ ದುಡ್ಡು ಎಲ್ಲಿಂದ ಬರುತ್ತೆ?" ಕೇಬಲ್ ಹುಡುಗರು ಹೇಳ್ತಾರೆ, "ಬೈಗುಳ ತಿನ್ನೋರು ನಾವು. ಲಾಭ ಮೇಲಿನವರಿಗೆ." ಮೂರು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ನಾಲ್ಕನೆಯ ಮಾತು ನಮ್ಮದು. ಅದನ್ನು ನಾವು ಇನ್ನೂ ಆಡಿಲ್ಲ.

ನಾನೇ ಓದಿರಲಿಲ್ಲ

ಈಗ ನನ್ನ ಕಥೆ ಹೇಳ್ತೀನಿ. ಸ್ವಲ್ಪ ನಾಚಿಕೆಯ ಕಥೆ.

ನಿಮಗೆ ನೆನಪಿದೆಯಾ? ಒಂದು ದಿನ ನಾನು ಹೇಳಿದ್ದೆ, "ನಾಳೆ ಬರುವಾಗ ಮನೆಯಲ್ಲಿರೋ ಯಾವುದಾದರೂ ಅಚ್ಚಾದ ಕಾಗದ ತನ್ನಿ. ಓದೋಣ" ಅಂತ. ಒಬ್ಬರು ರೇಷನ್ ಕಾರ್ಡು ತಂದರು. ಒಬ್ಬರು ಮಗುವಿನ ಚುಚ್ಚುಮದ್ದಿನ ಕಾರ್ಡು ತಂದರು. ನಮ್ಮ ಹೂವಿನ ಅಕ್ಕ ಕೇಬಲ್ ರಸೀದಿ ತಂದರು. ಜೊತೆಗೆ ಚಾನೆಲ್ ಪಟ್ಟಿ.

ಎಲ್ಲರೂ ಸೇರಿ ಓದಿದೆವು. ಅಕ್ಕ ಬೆರಳಿಟ್ಟು ಓದ್ತಾ ಹೋದರು. "ಇದು ನೋಡ್ತೀನಿ. ಇದು ನೋಡಲ್ಲ. ಇದು ಯಾವ ಭಾಷೆ ಟೀಚರಮ್ಮ?" ಕೊನೆಗೆ ಎಣಿಸಿದರು. ಮನೆಯವರು ನೋಡೋದು 7 ಚಾನೆಲ್. ತಿಂಗಳಿಗೆ ಕಟ್ಟೋದು 350 ರೂಪಾಯಿ.

ಅಕ್ಕ ಕೇಳಿದರು, "ನೀವು ಎಷ್ಟು ಕಟ್ತೀರಿ ಟೀಚರಮ್ಮ?"

ನನಗೆ ಬಾಯಿ ಬರಲಿಲ್ಲ. ನಾನು 400 ಕಟ್ತಾ ಇದ್ದೆ. ಯಾತಕ್ಕೆ ಅಂತ ಗೊತ್ತಿರಲಿಲ್ಲ. ನನಗೆ ಓದು ಬರುತ್ತೆ. ಮಕ್ಕಳಿಗೆ ಓದಿಸ್ತೀನಿ. ಆದರೆ ನನ್ನ ಮನೆಯ ಪಟ್ಟಿಯನ್ನು ನಾನು ಒಂದು ದಿನವೂ ಓದಿರಲಿಲ್ಲ. ಓದು ಬಂದರೆ ಸಾಲದು, ಓದಬೇಕು ಅಂತ ಅವತ್ತು ನನಗೆ ಪಾಠ ಕಲಿಸಿದವರು ನೀವು.

ಅಕ್ಕನೂ ನಾನೂ ಕೇಬಲ್ ಹುಡುಗನನ್ನು ಕೇಳಿದೆವು. "ಪ್ಯಾಕ್ ಬದಲಾಯಿಸೋಕೆ ಆಗಲ್ಲ ಮೇಡಂ" ಅಂದ. ಅಕ್ಕ ಬಿಡಲಿಲ್ಲ. ಪಟ್ಟಿ ತೆಗೆದು ತೋರಿಸಿದರು. "ಇಲ್ಲಿ ಬಿಡಿ ಬೆಲೆ ಬರೆದಿದೆಯಲ್ಲಪ್ಪ. ಬರೆದದ್ದು ಯಾಕೆ ಮತ್ತೆ?" ಅಂದರು. ಅವನು ತಲೆ ಕೆರೆದುಕೊಂಡ. "ಆಫೀಸಿಗೆ ಫೋನ್ ಮಾಡಿ" ಅಂದ. ರಸೀದಿಯಲ್ಲಿ ಇದ್ದ ನಂಬರಿಗೆ ಫೋನ್ ಮಾಡಿದೆವು. ಮೂರು ಸಲ ಮಾಡಿದ ಮೇಲೆ ಕೆಲಸ ಆಯಿತು. ಅಕ್ಕನ ಮನೆಯ 350 ರೂಪಾಯಿ 240 ಆಯಿತು.

ತಿಂಗಳಿಗೆ 110 ರೂಪಾಯಿ ಉಳೀತು. ವರ್ಷಕ್ಕೆ? 1320 ರೂಪಾಯಿ. ಶಾಲೆ ಶುರುವಾದಾಗ ಮಗಳ ನೋಟ್‌ಬುಕ್ಕು, ಬ್ಯಾಗು ಎಲ್ಲ ಆ ದುಡ್ಡಿನಲ್ಲೇ ಆಯಿತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾರನೇ ದಿನ ಅಕ್ಕನ ಅತ್ತೆ ಮುಖ ಊದಿಸಿಕೊಂಡು ಕೂತಿದ್ದರು. ಯಾಕೆ? ಅವರ ತವರು ಕೋಲಾರದ ಕಡೆ. ಮನೆ ಮಾತು ತೆಲುಗು. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅವರೊಬ್ಬರೇ ಕೂತು ತೆಲುಗು ಚಾನೆಲ್ ನೋಡೋರು. ಅದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಿ ಮಾಡುವಾಗ ಅವರನ್ನು ಯಾರೂ ಕೇಳಿರಲಿಲ್ಲ! ಅಕ್ಕ ಮತ್ತೆ ಫೋನ್ ಮಾಡಿ ಆ ಚಾನೆಲ್ ಸೇರಿಸಿದರು. "ಅವ್ವ ಒಂಟಿಯಾಗಿ ಇರೋ ಹೊತ್ತಿಗೆ ಅದೇ ಜೊತೆ" ಅಂದರು.

ನೋಡಿದಿರಾ? ನನಗೆ ಬೇಡದ್ದು ಇನ್ನೊಬ್ಬರಿಗೆ ಬೇಕಾಗಿರುತ್ತೆ. ಮನೆಯಲ್ಲಿ ಹೀಗಾದರೆ, ಇನ್ನು ನಾಡಿನಲ್ಲಿ?

ನೂರು ಅಂಗಡಿ, ಒಂದೇ ಸೀರೆ

ಇದಕ್ಕೇ ವೈವಿಧ್ಯ ಅನ್ನೋದು. ವೈವಿಧ್ಯ ಅಂದರೆ ಬಗೆಬಗೆ ಇರೋದು. ಚಾನೆಲ್ ಸಂಖ್ಯೆ ಜಾಸ್ತಿ ಆದರೆ ವೈವಿಧ್ಯ ಆಯಿತು ಅಂತ ತಿಳೀಬೇಡಿ. ಸಂತೆಯಲ್ಲಿ ನೂರು ಅಂಗಡಿ ಇದ್ದು, ಎಲ್ಲದರಲ್ಲೂ ಒಂದೇ ಬಣ್ಣದ ಸೀರೆ ಇದ್ದರೆ ಏನು ಪ್ರಯೋಜನ?

ರಾತ್ರಿ ಎಂಟು ಗಂಟೆಗೆ ಚಾನೆಲ್ ಬದಲಾಯಿಸಿ ನೋಡಿ. ಇಲ್ಲಿ ಅತ್ತೆ ಅಳ್ತಾಳೆ. ಅಲ್ಲಿ ಸೊಸೆ ಅಳ್ತಾಳೆ. ಸುದ್ದಿ ಚಾನೆಲ್‌ಗೆ ಹೋದರೆ ನಾಲ್ಕು ಜನ ಒಟ್ಟಿಗೆ ಕೂಗ್ತಾರೆ. ಗುಡ್ಡದ ಊರಿನಲ್ಲಿ ನೀರಿಗೆ ಕಷ್ಟಪಡೋ ಹೆಂಗಸಿನ ಮಾತು ಎಲ್ಲಿದೆ? ಹೂವಿನ ದರ, ಕೂಲಿಯ ದರ ಎಲ್ಲಿ ಹೇಳ್ತಾರೆ? ಜಾಹೀರಾತಿನವರಿಗೆ ಲಾಭ ಬರೋದು ಎಲ್ಲಿದೆಯೋ ಅಲ್ಲಿಗೇ ಎಲ್ಲರೂ ಓಡ್ತಾರೆ. ಪೈಪೋಟಿ ಬೆಲೆ ಇಳಿಸಬಹುದು. ಆದರೆ ಪೈಪೋಟಿ ಒಂದರಿಂದಲೇ ಬಗೆಬಗೆ ಬರೋದಿಲ್ಲ. ಲಾಭ ನೋಡದೆ ಜನರಿಗಾಗಿ ನಡೆಯುವ ದೂರದರ್ಶನದಂಥದ್ದೂ ಬೇಕು. ಅದು ಚೆನ್ನಾಗಿ ನಡೀಬೇಕು ಅಂತ ನಾವು ಕೇಳಬೇಕು.

ಕನ್ನಡದಲ್ಲೇ ಇನ್ನೊಂದು ವಾದ ನಡೀತು. ಡಬ್ಬಿಂಗ್ ವಾದ. ಬೇರೆ ಭಾಷೆಯ ಕಾರ್ಯಕ್ರಮಕ್ಕೆ ಕನ್ನಡದ ಮಾತು ಕೂಡಿಸೋದೇ ಡಬ್ಬಿಂಗ್. ಬಹಳ ವರ್ಷ ನಮ್ಮಲ್ಲಿ ಅದಕ್ಕೆ ಚಿತ್ರರಂಗದವರ, ಟಿ.ವಿ. ಕಲಾವಿದರ ವಿರೋಧ ಇತ್ತು. "ನಮ್ಮ ಕಲಾವಿದರ ಅನ್ನ ಹೋಗುತ್ತೆ" ಅಂದರು. ಅದು ಸಣ್ಣ ಮಾತಲ್ಲ. ಬಣ್ಣ ಹಚ್ಚುವವರು, ಲೈಟು ಹಿಡಿಯುವವರು, ಬಟ್ಟೆ ಹೊಲಿಯುವವರು ಎಲ್ಲರ ಹೊಟ್ಟೆಯ ಪ್ರಶ್ನೆ. "ಒಳ್ಳೆಯದನ್ನು ನಮ್ಮ ಭಾಷೆಯಲ್ಲಿ ನೋಡೋ ಹಕ್ಕು ನಮಗಿಲ್ಲವಾ?" ಅಂತ ಗ್ರಾಹಕರು ಕೇಳಿದರು. ಅದೂ ಸಣ್ಣ ಮಾತಲ್ಲ. ದೂರು ಭಾರತದ ಸ್ಪರ್ಧಾ ಆಯೋಗಕ್ಕೆ ಹೋಯಿತು. ಪೈಪೋಟಿಗೆ ಯಾರಾದರೂ ಅಡ್ಡ ಹಾಕಿದರೆ ವಿಚಾರಣೆ ಮಾಡುವ ಸಂಸ್ಥೆ ಅದು. 2015ರ ಜುಲೈನಲ್ಲಿ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಹೇಳಿತು. ತಡೆದ ಸಂಘಗಳಿಗೆ ದಂಡ ಹಾಕಿತು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಲ್ಲೇ ಕೂತಾಗ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದ ಮಾತಿನಲ್ಲಿ ಬಂತು. ನಿಮ್ಮಲ್ಲಿ ಬಹಳ ಜನ ನೋಡಿದಿರಿ.

ಯಾವ ಕಡೆ ಸರಿ? ನಾನು ಹೇಳೋದಿಲ್ಲ. ನೀವೇ ಯೋಚನೆ ಮಾಡಿ. ಎರಡೂ ಕಡೆಯ ಮಾತು ಕೇಳಿ ತೂಗಿ ನೋಡೋದೇ ನಿಜವಾದ ಓದು.

ನಾವೇನು ಮಾಡಬಹುದು?

ಕೈಕಟ್ಟಿ ಕೂರೋದು ಬೇಡ. ಇಷ್ಟು ಕೆಲಸ ನಮ್ಮ ಕೈಯಲ್ಲೇ ಇದೆ.

ಮೊದಲನೆಯದು. ದುಡ್ಡು ಕೊಟ್ಟಾಗ ರಸೀದಿ ಕೇಳಿ. ಯಾತಕ್ಕೆ ಎಷ್ಟು ಅಂತ ಬರೆದಿರಬೇಕು. ಓದಿ ಎತ್ತಿಡಿ.

ಎರಡನೆಯದು. ಚಾನೆಲ್ ಪಟ್ಟಿ ಕೇಳಿ ಇಸಕೊಳ್ಳಿ. ಮನೆಯವರೆಲ್ಲ ಸೇರಿ ಓದಿ. ಅತ್ತೆ, ಮಾವ, ಮಕ್ಕಳು ಎಲ್ಲರನ್ನೂ ಕೇಳಿ. ಬೇಕಾದ್ದಕ್ಕೆ ಗುರುತು ಹಾಕಿ. ಆಮೇಲೆ ಬಿಡಿ ಲೆಕ್ಕವನ್ನೂ ಬುಟ್ಟಿ ಲೆಕ್ಕವನ್ನೂ ಮಾಡಿ. ಕೆಲವು ಸಲ ಬುಟ್ಟಿಯೇ ಅಗ್ಗ ಆಗುತ್ತೆ. ಆಗ ಬುಟ್ಟಿಯನ್ನೇ ತಗೊಳ್ಳಿ. ಆದರೆ ಗೊತ್ತಿದ್ದು ತಗೊಳ್ಳಿ.

ಮೂರನೆಯದು. ಕೇಳಿದರೂ ಬದಲಾಯಿಸದಿದ್ದರೆ, ರಸೀದಿಯಲ್ಲಿರುವ ಫೋನ್ ನಂಬರಿಗೆ ದೂರು ಕೊಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ನಂಬರು 1915. ಎಲ್ಲರೂ ಒಂದು ಸಲ ಹೇಳಿ. ಒಂದು, ಒಂಬತ್ತು, ಒಂದು, ಐದು.

ನಾಲ್ಕನೆಯದು. ಕಾರ್ಯಕ್ರಮ ಹೆಣ್ಣನ್ನು ಕೀಳು ಮಾಡುವಂತಿದ್ದರೆ ಸುಮ್ಮನೆ ಬೈದುಕೊಂಡು ಕೂರಬೇಡಿ. 2021ರ ಜೂನ್‌ನಲ್ಲಿ ಬಂದ ನಿಯಮದ ಪ್ರಕಾರ ಮೊದಲು ಆ ಚಾನೆಲ್‌ಗೇ ಬರೆದು ದೂರು ಕೊಡಬಹುದು. ಅವರು 15 ದಿನದಲ್ಲಿ ತೀರ್ಮಾನ ಹೇಳಬೇಕು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಾರ್ಯಕ್ರಮ ಅಂತ ಬರೆಯಬೇಕು. ಬರೆಯೋಕೆ ಈಗ ನಿಮಗೆ ಬರುತ್ತೆ!

ಐದನೆಯದು. ಕೇಬಲ್ ಹುಡುಗನ ಮೇಲೆ ಕೂಗಾಡಬೇಡಿ. ಅವನೂ ದುಡಿದು ತಿನ್ನೋನು. ಬೆಲೆ ಇಟ್ಟವನು ಅವನಲ್ಲ. ಗೌರವವಾಗಿ ಕೇಳಿ. ಆದರೆ ಬಿಡದೆ ಕೇಳಿ.

ಕೊನೆಯ ಮಾತು

1995ರ ಕಾಯ್ದೆ ಹಳೆಯದಾಯಿತು ಅಂತ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಹೊಸ ಮಸೂದೆಯ ಕರಡು ಹೊರಗೆ ಬಿಟ್ಟಿತು. ಕರಡು ಅಂದರೆ ಮೊದಲ ಬರಹ. ಜನ ಅಭಿಪ್ರಾಯ ಹೇಳಬಹುದು ಅಂದರು. ಕಂಪನಿಗಳು ಹೇಳಿದವು. ಪತ್ರಕರ್ತರು ಹೇಳಿದರು. ಬೆಟ್ಟದ ಮೇಲಿನ ಹೂವಿನ ಅಕ್ಕ ಹೇಳಿದರಾ? ಇಲ್ಲ. ನಾನೂ ಹೇಳಲಿಲ್ಲ. ಮುಂದಿನ ಸಲ ಕೇಳಿದಾಗ ನಾವು ಹೇಳೋಣ. ಒಂದು ಪೋಸ್ಟ್ ಕಾರ್ಡು ಸಾಕು.

ಹೊರಗೆ ಕತ್ತಲಾಗ್ತಾ ಇದೆ. ಕೆಳಗೆ ನೋಡಿ, ಮೈಸೂರಿನ ದೀಪ ಒಂದೊಂದೇ ಹತ್ತುತ್ತಾ ಇವೆ. ಆ ಒಂದೊಂದು ಮನೆಯಲ್ಲೂ ಈಗ ಟಿ.ವಿ. ಹಾಕ್ತಾರೆ. ಎಷ್ಟು ಮನೆಯವರು ಪಟ್ಟಿ ಓದಿದ್ದಾರೋ! ನೀವು ಓದಿ. ಓದಿದ್ದನ್ನು ಪಕ್ಕದ ಮನೆಯವರಿಗೆ ಹೇಳಿ.

ನಾಳೆ ಬರುವಾಗ ಎಲ್ಲರೂ ನಿಮ್ಮ ನಿಮ್ಮ ಮನೆಯ ರಸೀದಿ ತನ್ನಿ. ನಾನೂ ನನ್ನದು ತರ್ತೀನಿ. ಒಟ್ಟಿಗೆ ಓದೋಣ.

ಈಗ ಹೊರಡಿ. ಧಾರಾವಾಹಿಗೆ ಹೊತ್ತಾಯಿತು.

ನಮಸ್ಕಾರ.

ಮಾತಾಡೋಣ

1. ನಿಮ್ಮ ಮನೆಯಲ್ಲಿ ನೋಡುವ ಚಾನೆಲ್ ಎಷ್ಟು? ತಿಂಗಳಿಗೆ ಎಷ್ಟು ಕಟ್ಟುತ್ತೀರಿ?
2. ಪ್ರಸಾರದ ಅಲೆಗಳು ಯಾರ ಸ್ವತ್ತು? ಕೋರ್ಟು ಏನು ಹೇಳಿತು?
3. ಬೆಲೆಗೆ ಕಡಿವಾಣ ಬೇಕೋ ಬೇಡವೋ? ಯಾಕೆ?
4. ಟಿ.ವಿ.ಯಲ್ಲಿ ಇಲ್ಲದ, ನಿಮಗೆ ಬೇಕಾದ ಕಾರ್ಯಕ್ರಮ ಯಾವುದು? ಎರಡು ಸಾಲು ಬರೆಯಿರಿ.